ಎರಡೂ ಕಡೆ ಈಗಲೇ ಸಹಿ ಹಾಕಿ

ನಮ್ಮ ವಕೀಲರ ಸಂಘದ ನೋಟೀಸ್ ಬೋರ್ಡಿನಲ್ಲಿ ಕಳೆದ ತಿಂಗಳು ಎರಡು ಹಾಳೆಗಳು ಅಕ್ಕಪಕ್ಕ ಅಂಟಿಕೊಂಡಿದ್ದವು. ಮೊದಲನೆಯದು: ‘ಬರುವ ಮಂಗಳವಾರ ವೃತ್ತಿ ನೀತಿ ಮತ್ತು ವೃತ್ತಿಪರತೆ ಕುರಿತು ಏಕದಿನ ಕಾರ್ಯಾಗಾರ. ಎಲ್ಲ ಸದಸ್ಯರೂ ತಪ್ಪದೆ ಭಾಗವಹಿಸತಕ್ಕದ್ದು.’ ಎರಡನೆಯದು: ‘ಸದರಿ ದಿನ ಸದಸ್ಯರು ನ್ಯಾಯಾಲಯದ ಕಲಾಪಗಳಿಂದ ದೂರ ಉಳಿಯಲು ತೀರ್ಮಾನಿಸಲಾಗಿದೆ.’ ಎರಡಕ್ಕೂ ಒಂದೇ ಕಾರ್ಯದರ್ಶಿಯ ಸಹಿ, ಒಂದೇ ಸೀಲು. ಸೀಲು ಮಾತ್ರ ಎರಡನೆಯದರ ಮೇಲೆ ಸ್ವಲ್ಪ ಗಟ್ಟಿಯಾಗಿ ಬಿದ್ದಿತ್ತು.

‘ಎರಡನೇ ಶನಿವಾರ ಇಟ್ಕೋಬಹುದಿತ್ತಲ್ಲಪ್ಪ, ಅವತ್ತು ಹೇಗೂ ಕೋರ್ಟಿಗೆ ರಜೆ’ ಅಂದೆ.

ಕಾರ್ಯದರ್ಶಿ ನನ್ನನ್ನು ಇವತ್ತು ತಾನೇ ಸನ್ನದು ಪಡೆದು ಬಂದವನ ಹಾಗೆ ನೋಡಿದರು. ‘ರಜೆ ದಿನ ನೀತಿ ಕಲಿಯೋಕೆ ಯಾರು ಬರ್ತಾರೆ ಸಾರ್?’

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಬರುತ್ತಿರಲಿಲ್ಲ.

ಈ ‘ದೂರ ಉಳಿಯುವುದು’ ಅನ್ನುವ ಮಾತನ್ನು ಕಪ್ಪು ಕೋಟು ಹಾಕದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮುಷ್ಕರ ಅನ್ನುವ ಹಾಗಿಲ್ಲ. 2002ರ ಡಿಸೆಂಬರಿನಲ್ಲಿ ಮಾಜಿ ಕ್ಯಾಪ್ಟನ್ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತ ಹೇಳಿಬಿಟ್ಟಿತು: ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲ, ಸಾಂಕೇತಿಕ ಮುಷ್ಕರದ ಹಕ್ಕೂ ಇಲ್ಲ. ಸಿಟ್ಟು ಬಂದರೆ ಪತ್ರಿಕಾ ಹೇಳಿಕೆ ಕೊಡಿ, ಟಿ.ವಿ.ಯಲ್ಲಿ ಮಾತಾಡಿ, ಯಾವ ಬಣ್ಣದ್ದಾದರೂ ಸರಿ ತೋಳಿಗೆ ಪಟ್ಟಿ ಕಟ್ಟಿಕೊಳ್ಳಿ, ಕೋರ್ಟಿನಿಂದ ದೂರ ಹೋಗಿ ಧರಣಿ ಕೂರಿ. ಕಕ್ಷಿದಾರನ ಕೇಸು ಮಾತ್ರ ನಡೆಸಿ. ಆ ತೀರ್ಪಿನಿಂದ ಮುಷ್ಕರ ನಿಂತಿತೋ ಇಲ್ಲವೋ, ಮುಷ್ಕರ ಎಂಬ ಪದವಂತೂ ನಿಂತಿತು. ಅಲ್ಲಿಂದೀಚೆಗೆ ನಾವು ಕಲಾಪದಿಂದ ದೂರ ಉಳಿದಿದ್ದೇವೆ, ಹೊರಗುಳಿದಿದ್ದೇವೆ, ವಿರಮಿಸಿದ್ದೇವೆ, ಭಾಗವಹಿಸದಿರಲು ನಿರ್ಣಯಿಸಿದ್ದೇವೆ. ಕನ್ನಡದ ಪದಸಂಪತ್ತಿಗೆ ವಕೀಲರ ಕೊಡುಗೆಯೇನು ಎಂದು ಯಾರಾದರೂ ಪಿಎಚ್.ಡಿ. ಮಾಡುವುದಿದ್ದರೆ ನಮ್ಮ ಸಂಘದ ನಡಾವಳಿ ಪುಸ್ತಕ ಧಾರಾಳವಾಗಿ ನೋಡಬಹುದು.

ದೂರ ಉಳಿಯುವುದಕ್ಕೆ ಕಾರಣ ಬೇಕಲ್ಲ? ಅದಕ್ಕೆ ಬರಗಾಲವಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 266ನೇ ವರದಿಯಲ್ಲಿ ದೇಶದ ವಕೀಲರು ಯಾವ್ಯಾವ ಕಾರಣಕ್ಕೆ ಕೋರ್ಟಿನಿಂದ ದೂರ ಉಳಿದರು ಎಂದು ಪಟ್ಟಿ ಕೊಟ್ಟಿದೆ. ಪಾಕಿಸ್ತಾನದ ಶಾಲೆಯೊಂದರಲ್ಲಿ ಬಾಂಬ್ ಸ್ಫೋಟ. ನೇಪಾಳದ ಭೂಕಂಪ. ಶ್ರೀಲಂಕಾ ತನ್ನ ಸಂವಿಧಾನ ತಿದ್ದಿಕೊಂಡದ್ದು. ಜೋರು ಮಳೆ. ಶ್ರಾದ್ಧ. ಕವಿ ಸಮ್ಮೇಳನವೂ ಆ ಪಟ್ಟಿಯಲ್ಲಿದೆ! ನಾನು ಇದನ್ನು ಮೂರು ಸಲ ಓದಿ ಖಾತ್ರಿ ಮಾಡಿಕೊಂಡೆ. ಕವಿತೆಗೆ ಇಷ್ಟು ದೊಡ್ಡ ಗೌರವ ಕೊಟ್ಟ ವೃತ್ತಿ ಜಗತ್ತಿನಲ್ಲಿ ಇನ್ನೊಂದಿರಲಾರದು. ಅದೇ ವರದಿಯ ಪ್ರಕಾರ 2012ರಿಂದ 2016ರವರೆಗೆ ಹರಿದ್ವಾರ ಜಿಲ್ಲೆಯಲ್ಲಿ 515 ದಿನ, ಡೆಹ್ರಾಡೂನಿನಲ್ಲಿ 455 ದಿನ ಕಲಾಪ ಬಹಿಷ್ಕಾರ ನಡೆದಿತ್ತು. ಹರಿದ್ವಾರಕ್ಕೆ ಜನ ಪಾಪ ಕಳೆದುಕೊಳ್ಳಲು ಹೋಗುತ್ತಾರೆ. ಕೇಸಿದ್ದವರು ಅಲ್ಲಿಯೇ ಪುಣ್ಯವನ್ನೂ ಕಳೆದುಕೊಂಡು ಬಂದಿರಬೇಕು.

ಈ ಕೀರ್ತಿವಂತ ಪಟ್ಟಿಗೆ ನಮ್ಮೂರು ಹೊಸ ಕಾರಣವೊಂದನ್ನು ಸೇರಿಸಿತು: ನೀತಿ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋದೆ. ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ನನ್ನ ಕಕ್ಷಿದಾರ ಅಜ್ಜ ಕೂತಿದ್ದರು. ಎಪ್ಪತ್ತು ದಾಟಿದ ಜೀವ. ಬದುವಿನ ತಕರಾರು. ದಾವೆ ಹೂಡಿದಾಗ ಆ ಬದುವಿನ ಮೇಲೆ ಮೊಣಕಾಲುದ್ದದ ತೆಂಗಿನ ಸಸಿ ಇತ್ತು. ಈಗ ಎದುರುದಾರ ಅದರ ಕಾಯಿ ಮಾರಿ ತನ್ನ ವಕೀಲರ ಫೀಸು ಕಟ್ಟುತ್ತಿದ್ದಾನೆ. ಅವತ್ತು ಅಜ್ಜನ ಕಡೆಯ ಸಾಕ್ಷಿಗೆ ಪಾಟೀ ಸವಾಲು ಇತ್ತು. ಸಾಕ್ಷಿ ಪಕ್ಕದ ಹೊಲದ ಹೆಂಗಸು. ಒಂದು ದಿನದ ಕೂಲಿ ಅಜ್ಜನೇ ತುಂಬಿಕೊಡುತ್ತೇನೆಂದು ಕರೆತಂದಿದ್ದರು. ಶಕ್ತಿ ಯೋಜನೆಯ ದಯದಿಂದ ಆಕೆಯ ಬಸ್ ಚಾರ್ಜೊಂದು ಉಳಿದಿತ್ತು. ಇಬ್ಬರೂ ಆರು ಗಂಟೆಯ ಬಸ್ಸಿಗೆ ಹೊರಟು ಬಂದವರು.

ನಾನು ಹಿಂದಿನ ದಿನವೇ ಫೋನ್ ಮಾಡಿ ತಿಳಿಸಬೇಕಿತ್ತು. ಗುಮಾಸ್ತ ತಿಳಿಸಿದ್ದಾನೆ ಅಂದುಕೊಂಡಿದ್ದೆ. ಗುಮಾಸ್ತ ನಾನು ತಿಳಿಸಿದ್ದೇನೆ ಅಂದುಕೊಂಡಿದ್ದ. ಕಕ್ಷಿದಾರನಿಗೆ ಕೇಸಿನ ಸಂಗತಿ ಕಾಲಕಾಲಕ್ಕೆ ತಿಳಿಸುತ್ತಿರಬೇಕು ಎಂಬ ವಿಷಯದ ಮೇಲೆ ಹತ್ತೂವರೆಗೆ ಮೊದಲ ಗೋಷ್ಠಿ ಇತ್ತು.

‘ಇವತ್ತು ಕೇಸು ನಡೆಯಲ್ಲ ಯಜಮಾನ್ರೇ. ಒಳಗೆ ಮೀಟಿಂಗು.’

‘ಯಾರಾದ್ರೂ ಹೋಗ್ಬಿಟ್ರಾ ಸ್ವಾಮಿ?’ ಅಜ್ಜ ಗಾಬರಿಯಿಂದ ಕೇಳಿದರು. ಹದಿನಾಲ್ಕು ವರ್ಷದ ಅನುಭವ; ಸಂತಾಪ ಸೂಚನೆಗೆ ಕೋರ್ಟು ನಿಲ್ಲುವುದು ಅವರಿಗೆ ಗೊತ್ತು.

‘ಇಲ್ಲ ಇಲ್ಲ. ನೀತಿ ಪಾಠ.’

‘ಯಾರ್ಗೆ?’

‘ನಮಗೇ.’

ಅಜ್ಜ ಕೂತಲ್ಲೇ ಸ್ವಲ್ಪ ಜರುಗಿ ಸಾಕ್ಷಿಯ ಕಡೆ ನೋಡಿದರು. ಆಕೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು. ನಗು ಬಂದಿತ್ತೋ ಆಕಳಿಕೆಯೋ ಗೊತ್ತಾಗಲಿಲ್ಲ, ನಾನು ವಿಚಾರಿಸಲಿಲ್ಲ.

ಸಭಾಂಗಣದ ಬಾಗಿಲಲ್ಲಿ ಹಾಜರಿ ಪುಸ್ತಕ. ಎರಡು ಕಾಲಂ: ಬೆಳಿಗ್ಗೆ, ಮಧ್ಯಾಹ್ನ. ಪುಸ್ತಕ ಹಿಡಿದಿದ್ದ ಜೂನಿಯರ್ ಹುಡುಗ ಪೆನ್ನು ಕೊಡುತ್ತಾ ‘ಎರಡೂ ಕಡೆ ಈಗ್ಲೇ ಹಾಕ್ಬಿಡಿ ಸಾರ್, ಊಟದ ಹೊತ್ತಲ್ಲಿ ರಶ್ಶಾಗತ್ತೆ’ ಅಂದ. ನನಗಿಂತ ಮುಂಚೆ ಬಂದಿದ್ದ ಹಿರಿಯರೊಬ್ಬರು ತಮ್ಮದು ಹಾಕಿ, ತಮ್ಮ ಆಫೀಸಿನ ಇಬ್ಬರದನ್ನೂ ಹಾಕಿ, ಇನ್ನೊಬ್ಬರ ಹೆಸರಿನ ಮುಂದೆ ಪೆನ್ನು ನಿಲ್ಲಿಸಿ ‘ಇವನದ್ದು ಸಹಿ ಹೇಗಿರತ್ತೋ?’ ಅಂತ ಯೋಚಿಸುತ್ತಿದ್ದರು. ಫೋರ್ಜರಿ ಕೇಸುಗಳಲ್ಲಿ ಅವರ ಹೆಸರು ದೊಡ್ಡದು. ಪಕ್ಕದ ಮೇಜಿನ ಮೇಲೆ ಪ್ರಮಾಣಪತ್ರಗಳು ಆಗಲೇ ಹೆಸರು ಬರೆಸಿಕೊಂಡು ತಯಾರಾಗಿದ್ದವು. ‘ಸದರಿಯವರು ದಿನಪೂರ್ತಿ ವೃತ್ತಿ ನೀತಿಯಲ್ಲಿ ಭಾಗವಹಿಸಿದ್ದಾರೆ’ ಎಂದು ಅಚ್ಚಾಗಿತ್ತು. ಕಾರ್ಯಾಗಾರ ಎಂಬ ಪದ ಪ್ರೆಸ್ಸಿನವನು ಬಿಟ್ಟಿದ್ದ. ಹೀಗಾಗಿ ಆ ಪ್ರಮಾಣಪತ್ರದ ಪ್ರಕಾರ ನಾವೆಲ್ಲ ಬದುಕಿನಲ್ಲಿ ಒಂದು ದಿನವಾದರೂ ನೀತಿಯಲ್ಲಿ ಭಾಗವಹಿಸಿದ್ದೇವೆ.

ನಾನೂ ಎರಡೂ ಕಡೆ ಹಾಕಿದೆ. ನಿಜ ಹೇಳುವ ಅಂಕಣ ಇದು, ಹೇಳಿಬಿಡುತ್ತೇನೆ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಂತ ತಿಳಿಯಬೇಡಿ. ನಮ್ಮಲ್ಲಿ ಸನ್ನದು ಸಿಕ್ಕಮೇಲೆ ವಕೀಲ ಮತ್ತೆ ಓದಲೇಬೇಕೆಂಬ ಕಡ್ಡಾಯವೇನಿಲ್ಲ. ಇಂಥ ಕಾರ್ಯಾಗಾರಗಳೆಲ್ಲ ಸಂಘದ ಉತ್ಸಾಹ ಮತ್ತು ಅಡುಗೆ ಭಟ್ಟರ ಲಭ್ಯತೆಯ ಮೇಲೆ ನಿಂತಿವೆ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಬಹುಪಾಲು ರಾಜ್ಯಗಳಲ್ಲಿ ಇದು ಕಡ್ಡಾಯ. ನ್ಯೂಯಾರ್ಕಿನ ಅನುಭವಿ ವಕೀಲ ಎರಡು ವರ್ಷಕ್ಕೊಮ್ಮೆ 24 ಗಂಟೆ ಪಾಠ ಕೇಳಬೇಕು. ಅದರಲ್ಲಿ ಕನಿಷ್ಠ 4 ಗಂಟೆ ನೀತಿ ಮತ್ತು ವೃತ್ತಿಪರತೆ. ಅಂದರೆ ವರ್ಷಕ್ಕೆ ಎರಡು ಗಂಟೆ ನೀತಿ, ಉಳಿದ ಸಮಯ ವೃತ್ತಿ. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಬೇರೆ: ಅಲ್ಲಿ ಪಾಠದ ಒಂದು ಗಂಟೆಗೆ 50 ನಿಮಿಷ. ನಿಯಮದಲ್ಲೇ ಹಾಗಿದೆ! ಫೀಸಿನ ಲೆಕ್ಕ ಹಾಕುವಾಗ ಆರಾರು ನಿಮಿಷಕ್ಕೂ ಬಿಲ್ಲು ಬರೆಯುವ ವೃತ್ತಿಯಲ್ಲಿ ನೀತಿ ಕಲಿಯುವ ಗಂಟೆಯಿಂದ ಹತ್ತು ನಿಮಿಷ ಹಾರಿಹೋಗಿದೆ. ಅದು ಎಲ್ಲಿಗೆ ಹೋಯಿತು ಎಂದು ಯಾವ ಕಕ್ಷಿದಾರನೂ ಕೇಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಹೆಜ್ಜೆ ಮುಂದೆ: ಪಾಠದ ಗಂಟೆಗಳನ್ನು ಮುಗಿಸಿದ್ದೇನೆ ಎಂದು ಸುಳ್ಳು ಘೋಷಣೆ ಕೊಟ್ಟು, ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬಿದ್ದು, ಶಿಸ್ತುಕ್ರಮ ಅನುಭವಿಸಿದ ವಕೀಲರಿದ್ದಾರೆ. ನಮ್ಮ ಹಾಜರಿ ಪುಸ್ತಕದ ಹುಡುಗನನ್ನು ಅಲ್ಲಿಗೆ ಕಳಿಸಿದರೆ ಅವರಿಗೆ ಉಪಕಾರವಾದೀತು.

ಅಮೆರಿಕದ ಈ ನೀತಿಪಾಠಕ್ಕೆ ಒಂದು ಚರಿತ್ರೆಯಿದೆ. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದವರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಅರ್ಧಕ್ಕರ್ಧ ಕಪ್ಪು ಕೋಟಿನವರೇ. ಖುದ್ದು ಅಧ್ಯಕ್ಷ ನಿಕ್ಸನ್ ವಕೀಲ, 1976ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಸನ್ನದು ಹೋಯಿತು. ಹಗರಣಕ್ಕೆ ಹೆದರಿದ ಅಮೆರಿಕನ್ ಬಾರ್ ಅಸೋಸಿಯೇಷನ್ 1974ರಲ್ಲೇ ಕಾನೂನು ಕಾಲೇಜುಗಳಲ್ಲಿ ವೃತ್ತಿ ನೀತಿಯನ್ನು ಕಡ್ಡಾಯ ಮಾಡಿತು. ಹಗರಣ ಮುಚ್ಚಿಹಾಕಲು ಕೈ ಜೋಡಿಸಿ, ಆಮೇಲೆ ಎಲ್ಲವನ್ನೂ ಬಾಯಿಬಿಟ್ಟ ಶ್ವೇತಭವನದ ವಕೀಲ ಜಾನ್ ಡೀನ್ ಜೈಲಿಗೆ ಹೋದರು, ಸನ್ನದು ಕಳೆದುಕೊಂಡರು. ಅದೇ ಜಾನ್ ಡೀನ್ 2011ರಿಂದ ಊರೂರಿಗೆ ಹೋಗಿ ವಕೀಲರಿಗೆ ನೀತಿಪಾಠ ಹೇಳುತ್ತಿದ್ದಾರೆ. ಪಾಠ ಕೇಳಿದವರಿಗೆ ಗಂಟೆಗಳ ಜಮೆ ಸಿಗುತ್ತದೆ. ನಗಬೇಡಿ, ನನಗಿದು ಸರಿಯಾಗಿಯೇ ಕಾಣುತ್ತದೆ. ಹೊಂಡ ಎಲ್ಲಿದೆ ಎಂದು ಬಿದ್ದವನಿಗೆ ಗೊತ್ತಿರುವಷ್ಟು ದಂಡೆಯ ಮೇಲೆ ನಿಂತವನಿಗೆ ಗೊತ್ತಿರುವುದಿಲ್ಲ. ನಮ್ಮ ಸಂಘದಲ್ಲಿ ಈ ಅರ್ಹತೆಯ ಉಪನ್ಯಾಸಕರಿಗೆ ಕೊರತೆಯಿಲ್ಲ, ಬಾಯಿ ಬಿಡುವವರಿಗೆ ಮಾತ್ರ.

ಒಳಗೆ ವೇದಿಕೆಯ ಹಿಂದೆ ಹನ್ನೆರಡು ಅಡಿ ಅಗಲದ ಫ್ಲೆಕ್ಸು. ಎಡಗಡೆ ಗಾಂಧೀಜಿ. ನೀತಿ ಅಂದಕೂಡಲೇ ಗಾಂಧೀಜಿಯನ್ನು ಎಳೆದುತರುವುದು ಫ್ಲೆಕ್ಸ್ ಅಂಗಡಿಯವನ ಅಭ್ಯಾಸ. 1922ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಗಾಂಧೀಜಿಯ ಹೆಸರನ್ನೇ ಬ್ಯಾರಿಸ್ಟರುಗಳ ಪಟ್ಟಿಯಿಂದ ಹೊಡೆದುಹಾಕಿತ್ತು, ಮತ್ತೆ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷವಾದ ಮೇಲೆ ಅನ್ನುವುದು ಅವನಿಗೆ ಗೊತ್ತಿರಲಿಕ್ಕಿಲ್ಲ. ಅವತ್ತಿನ ವೇದಿಕೆಯ ಮೇಲೆ ಸನ್ನದು ಕಳೆದುಕೊಂಡವರು ಅವರೊಬ್ಬರೇ. ಬಲಗಡೆ ಸಂಘದ ಪದಾಧಿಕಾರಿಗಳ ಫೋಟೊ, ಹೆಸರು, ಮೊಬೈಲ್ ನಂಬರು, ‘ಮಾಜಿ ಅಧ್ಯಕ್ಷರು’, ‘ಹಾಲಿ ಉಪಾಧ್ಯಕ್ಷರು’. ಕೆಳಗೆ ಸಣ್ಣಕ್ಷರದಲ್ಲಿ ‘ಊಟದ ವ್ಯವಸ್ಥೆ’ ಎಂದು ಲೇಔಟ್ ಮಾಲೀಕರೊಬ್ಬರ ಹೆಸರು. ಅವರ ಲೇಔಟಿನ ಮೇಲೆ ಇರುವ ದಾವೆಗಳಲ್ಲಿ ವಾದಿಗಳ ಪರ ಇದ್ದವರೂ ಪ್ರತಿವಾದಿಗಳ ಪರ ಇದ್ದವರೂ ಅದೇ ಸಭಾಂಗಣದಲ್ಲಿ ಕೂತಿದ್ದೆವು. ಹಿತಾಸಕ್ತಿ ಸಂಘರ್ಷದ ಗೋಷ್ಠಿ ಊಟದ ನಂತರ ಇಟ್ಟಿದ್ದರು.

ಉಪನ್ಯಾಸಕರು ಬೆಂಗಳೂರಿನಿಂದ ಬಂದ ಹಿರಿಯ ವಕೀಲರು. ಒಳ್ಳೆಯವರು, ನಿಜಕ್ಕೂ ಓದಿಕೊಂಡವರು, ಟಿ.ಎ. ಕೂಡ ಬೇಡವೆಂದವರು, ಇವರನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳನ್ನು ಒಂದೊಂದಾಗಿ ಓದಿ ಹೇಳಿದರು. ಕೇಳುತ್ತಾ ಕೇಳುತ್ತಾ ನನಗೆ ಒಂದು ಹೊಳೆಯಿತು. ಇವು ನಿಯಮಗಳಲ್ಲ, ವೀರಗಲ್ಲುಗಳು. ಒಂದೊಂದರ ಹಿಂದೆಯೂ ಆ ಕೆಲಸವನ್ನು ಮಾಡಿದ ಒಬ್ಬ ಧೀರನಿದ್ದಾನೆ. ‘ತಾನು ನಡೆಸಿದ ಕೇಸಿನ ಡಿಕ್ರಿ ಜಾರಿಯಲ್ಲಿ ಹರಾಜಿಗೆ ಬಂದ ಸ್ವತ್ತನ್ನು ವಕೀಲ ತಾನೇ ಕೂಗಿ ಕೊಳ್ಳಬಾರದು’ ಅನ್ನುತ್ತದೆ ನಿಯಮ 22. ಯಾರೂ ಮಾಡದ ಕೆಲಸವನ್ನು ಯಾರಾದರೂ ಬೇಡ ಅನ್ನುತ್ತಾರೆಯೇ? ಎಲ್ಲೋ ಒಬ್ಬ ಮಹಾನುಭಾವ ಸಾಲಗಾರನ ಮನೆಯನ್ನು ಹರಾಜಿಗೆ ತಂದು, ಟಾಂ ಟಾಂ ಹೊಡೆಸಿ, ತಾನೇ ಕೂಗಿ, ಗೃಹಪ್ರವೇಶಕ್ಕೆ ಜಡ್ಜಿಗೂ ಕಾರ್ಡು ಕೊಟ್ಟಿರಬೇಕು.

ಬೀದಿ ವ್ಯಾಪಾರದ ವೀರಗಲ್ಲಿಗಂತೂ ಸುಪ್ರೀಂ ಕೋರ್ಟಿನ ದಾಖಲೆಯೇ ಇದೆ. 1975ರ ದಾಭೋಲ್ಕರ್ ಪ್ರಕರಣ. ಮುಂಬೈಯ ಕ್ರಿಮಿನಲ್ ಕೋರ್ಟಿನ ಬಾಗಿಲಲ್ಲಿ ಕೆಲವು ವಕೀಲರು ಕಕ್ಷಿದಾರ ಬರುವುದನ್ನೇ ಕಾದು, ಓಡಿಹೋಗಿ ಮುತ್ತಿಕೊಂಡು, ಅವನ ಕಾಗದಪತ್ರ ಕಿತ್ತುಕೊಂಡು, ತಮ್ಮತಮ್ಮಲ್ಲೇ ಕೈಕೈ ಮಿಲಾಯಿಸುತ್ತಿದ್ದರು ಎಂಬುದು ಆರೋಪ. ಉಪನ್ಯಾಸಕರು ಇದನ್ನು ಹೇಳಿದಾಗ ಸಭಿಕರು ‘ಛೆ ಛೆ’ ಅಂದರು. ನಮ್ಮಲ್ಲಿ ಹಾಗೆ ಓಡುವವರು ಯಾರೂ ಇಲ್ಲ. ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನವರೆಗೆ ನಡೆದೇ ಹೋಗುತ್ತೇವೆ.

ನಿಯಮ 36 ಬಂತು. ವಕೀಲ ಜಾಹೀರಾತು ಕೊಡಬಾರದು. ಬೋರ್ಡು ‘ಹಿತಮಿತವಾದ ಅಳತೆ’ಯದಾಗಿರಬೇಕು. ಸಂಘದ ಅಧ್ಯಕ್ಷನಾಗಿದ್ದೆ, ಪರಿಷತ್ತಿನ ಸದಸ್ಯನಾಗಿದ್ದೆ, ಇಂಥ ಕೇಸಿನಲ್ಲಿ ಪಳಗಿದವನು ಎಂದೆಲ್ಲ ಬೋರ್ಡಿನಲ್ಲಿ ಹಾಕಿಕೊಳ್ಳಬಾರದು. 2008ರ ತಿದ್ದುಪಡಿ ವೆಬ್‌ಸೈಟಿಗೆ ಅನುಮತಿ ಕೊಟ್ಟಿದೆ, ಅದರಲ್ಲೂ ಹೆಸರು, ವಿಳಾಸ, ಸನ್ನದು ನಂಬರು, ವಿದ್ಯಾರ್ಹತೆ, ಯಾವ ಕ್ಷೇತ್ರದ ವಕೀಲಿಕೆ ಇತ್ಯಾದಿ ಬಿಟ್ಟರೆ ಬೇರೆ ಹಾಕುವಂತಿಲ್ಲ. ಉಪನ್ಯಾಸಕರು ಇದನ್ನು ಹೇಳುತ್ತಿದ್ದದ್ದು ಆ ಹನ್ನೆರಡು ಅಡಿ ಫ್ಲೆಕ್ಸಿಗೆ ಬೆನ್ನು ಮಾಡಿ. ನಾವು ಅದಕ್ಕೆ ಮುಖ ಮಾಡಿ ಕೂತಿದ್ದೆವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೆಯ ಕಾಲದ ಕಳ್ಳರ ಸಂಕೋಚ. ವೇದಿಕೆಯ ಮೇಲಿದ್ದ ಮಾಜಿ ಅಧ್ಯಕ್ಷರು ತಿರುಗಿ ನೋಡಿ ತಮ್ಮ ಫೋಟೊ ಮೈಕಿನ ಸ್ಟ್ಯಾಂಡಿಗೆ ಮರೆಯಾಗಿದೆಯೆಂದು ಕಂಡುಕೊಂಡು ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದರು.

ಬ್ಯಾಂಡು, ಗೌನನ್ನು ಕೋರ್ಟಿನ ಹೊರಗೆ ಸಾರ್ವಜನಿಕ ಸ್ಥಳದಲ್ಲಿ ಹಾಕಬಾರದು ಎಂಬುದು ನಿಯಮ 7. ಬಿಳಿ ಬ್ಯಾಂಡು ಇರುವುದೇ ಸಾರ್ವಜನಿಕ ಸ್ಥಳಕ್ಕೆ ಅನ್ನುವುದು ನಮ್ಮ ಕಡೆಯ ಸಂಪ್ರದಾಯ. ಹೆಲ್ಮೆಟ್ ಮರೆತವರುಂಟು, ಬ್ಯಾಂಡ್ ಮರೆತು ಸಿಗ್ನಲ್ ದಾಟಿದವರಿಲ್ಲ.

ನಿಯಮ 20ಕ್ಕೆ ಬಂದಾಗ ಸಭೆ ಮೊದಲ ಬಾರಿಗೆ ಮೊಬೈಲು ಕೆಳಗಿಟ್ಟಿತು. ಕೇಸಿನ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು. ಅಪಘಾತ ಪರಿಹಾರದ ಕೇಸು ನಡೆಸುವವರು ಸಭೆಯಲ್ಲಿ ಹೆಚ್ಚಿದ್ದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಹಳ ವಿನಯದಿಂದ ಕೇಳಿದರು: ‘ಸಾರ್, ನಾವು ಪರ್ಸೆಂಟು ತಗೊಳ್ಳೋದು ಫಲಿತಾಂಶದ ಮೇಲೆ ಅಲ್ಲ, ಪರಿಹಾರದ ಮೇಲೆ. ಅದು ನಿಯಮಕ್ಕೆ ಬರತ್ತಾ?’ ಇನ್ನೊಬ್ಬರು: ‘ಕಕ್ಷಿದಾರ ಸಂತೋಷದಿಂದ ತಾನಾಗೇ ಕೊಟ್ರೆ?’ ಮೂರನೆಯವರು: ‘ಖಾಲಿ ಚೆಕ್ಕು ಮೊದಲೇ ಸಹಿ ಮಾಡಿಸಿಟ್ಟುಕೊಂಡಿದ್ರೆ ಅದು ಪಾಲು ಅನ್ನಿಸಿಕೊಳ್ಳತ್ತಾ, ಭದ್ರತೆ ಅನ್ನಿಸಿಕೊಳ್ಳತ್ತಾ?’

ಇದು ಮೂರ್ಖರ ಪ್ರಶ್ನೆಯಲ್ಲ, ಒಳ್ಳೆಯ ವಕೀಲರ ಪ್ರಶ್ನೆ. ಅಪರಾಧ ಸಂಹಿತೆ ಇರಲಿ, ಬಾಡಿಗೆ ಕರಾರು ಇರಲಿ, ನೀತಿ ನಿಯಮ ಇರಲಿ, ಬರೆದದ್ದನ್ನು ಓದುವ ಅಭ್ಯಾಸ ನಮಗೆ ಒಂದೇ. ಬೇಲಿ ಎಲ್ಲಿದೆ ತೋರಿಸಿ ಅನ್ನುತ್ತೇವೆ. ತೋರಿಸಿದಿರೋ, ಅದಕ್ಕೇ ಒರಗಿಕೊಂಡು ಮೇಯುತ್ತೇವೆ. ಬೇಲಿ ಸ್ವಲ್ಪ ಬಾಗಿದರೆ ಅದು ಬೇಲಿಯ ದೌರ್ಬಲ್ಯ. ಚಾಪೆ ಕೆಳಗೆ ತೂರುವುದು, ರಂಗೋಲಿ ಕೆಳಗೆ ತೂರುವುದು ಜನಸಾಮಾನ್ಯರ ಕಸರತ್ತು. ಚಾಪೆಗೂ ನೆಲಕ್ಕೂ ನಡುವಿನ ಸಂದನ್ನು ‘ಸಮಂಜಸ ಅಂತರ’ ಎಂದು ವ್ಯಾಖ್ಯಾನಿಸಿ ಅದರ ಮೇಲೊಂದು ತಡೆಯಾಜ್ಞೆ ತರುವುದು ನಮ್ಮ ವೃತ್ತಿ. ಅಂಥವರಿಗೆ ನೀತಿಯನ್ನು ಕಲಂ ಕಲಂ ಆಗಿ ಪಾಠ ಮಾಡುವುದೆಂದರೆ ಹಾದಿ ತಪ್ಪದಂತೆ ನಕ್ಷೆ ಕೈಗಿಟ್ಟ ಹಾಗೆ. ಬೆಳಿಗ್ಗೆ ನಮಗೆ ನಿಯಮ 20 ಗೊತ್ತಿರಲಿಲ್ಲ, ಅಂದಾಜಿನಲ್ಲಿ ಮುರಿಯುತ್ತಿದ್ದೆವು. ಮಧ್ಯಾಹ್ನದಿಂದ ತಿಳಿದು ಮುರಿಯಬಹುದು.

ಹೊಸಬರನ್ನಾದರೂ ದೂರಬೇಡಿ. ಅವರಿಗೆ ಅಖಿಲ ಭಾರತ ವಕೀಲರ ಪರೀಕ್ಷೆ ಅಂತ ಒಂದಿದೆ. 100 ಪ್ರಶ್ನೆ; ಅದರಲ್ಲಿ ವೃತ್ತಿ ನೀತಿಗೆ 4. ನಾಲ್ಕನ್ನೂ ಬಿಟ್ಟರೂ ಉಳಿದ 96 ಇವೆ. ಪಾಸಾಗಲು ಅದರ ಅರ್ಧದಷ್ಟು ಸಾಕು.

ಹಾಜರಿ ಪುಸ್ತಕದ ಹುಡುಗನೇ ಆಮೇಲೆ ಮೈಕು ಹಿಡಿದುಕೊಂಡು ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದ, ನಡುವೆ ಟೀ ತಟ್ಟೆಯನ್ನೂ ತಂದ. ವಿದ್ಯೆ ಕಲಿಸಿದ್ದಕ್ಕೆ ಜೂನಿಯರಿನಿಂದ ಫೀಸು ಕೇಳುವುದು ಅನುಚಿತ ಎಂದು ನಿಯಮ 45 ಹೇಳುತ್ತದೆ. ಅದನ್ನು ಓದಿದಾಗ ಹಿರಿಯರೆಲ್ಲ ತೃಪ್ತಿಯಿಂದ ತಲೆದೂಗಿದರು. ಯಾರೂ ಜೂನಿಯರಿನಿಂದ ಒಂದು ಪೈಸೆ ತೆಗೆದುಕೊಂಡವರಲ್ಲ. ಕೊಟ್ಟವರೂ ಅಲ್ಲ. 2024ರ ಅಕ್ಟೋಬರಿನಲ್ಲಿ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕನಿಷ್ಠ ಭತ್ಯೆ ಕೊಡಿ ಎಂದು ಸುತ್ತೋಲೆ ಕಳಿಸಿತ್ತು. ಶಿಫಾರಸು, ಆದೇಶವಲ್ಲ. ಉಪನ್ಯಾಸಕರು ಅದನ್ನು ನೆನಪಿಸಿದಾಗ ಹುಡುಗನ ಕೈಯಲ್ಲಿದ್ದ ಟೀ ತಟ್ಟೆ ಒಂದು ಕ್ಷಣ ನಿಂತಿತು. ನಮ್ಮದು ನಗರವೋ ಗ್ರಾಮಾಂತರವೋ ಎಂಬ ಬಗ್ಗೆ ಮುಂದಿನ ಸಾಲಿನಲ್ಲಿ ಚರ್ಚೆ ಶುರುವಾಗಿ, ಕಾನೂನಿನ ದೃಷ್ಟಿಯಲ್ಲಿ ಎರಡೂ ಅಲ್ಲ, ಪಟ್ಟಣ ಎಂದು ತೀರ್ಮಾನವಾಯಿತು.

ನಿಯಮ ಮುರಿದರೆ ಏನಾಗುತ್ತದೆ? ಇದು ಸ್ವಾರಸ್ಯದ ಭಾಗ. 1961ರ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ದೂರು ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿಯಲ್ಲಿ ಮೂವರು, ಇಬ್ಬರು ಪರಿಷತ್ತಿನ ಚುನಾಯಿತ ಸದಸ್ಯರು. ಅವರನ್ನು ಚುನಾಯಿಸುವವರು ನಾವು. ಕಳ್ಳತನದ ಆರೋಪಿಗಳೆಲ್ಲ ಸೇರಿ ಮತ ಹಾಕಿ ಮ್ಯಾಜಿಸ್ಟ್ರೇಟನ್ನು ಆರಿಸುವ ಪದ್ಧತಿ ಬೇರೆಲ್ಲೂ ಇದ್ದಂತಿಲ್ಲ. ಒಂದು ವರ್ಷದೊಳಗೆ ದೂರು ಇತ್ಯರ್ಥವಾಗಬೇಕು, ಇಲ್ಲದಿದ್ದರೆ ದೆಹಲಿಗೆ, ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗಬೇಕು. ದೂರುದಾರ ಬೆಂಗಳೂರಿಗೆ ಅಲೆದು ಸುಸ್ತಾದ ಮೇಲೆ ಉತ್ತರ ಭಾರತ ಪ್ರವಾಸದ ಸೌಲಭ್ಯವೂ ಉಂಟು ಎಂದಾಯಿತು. ಅಷ್ಟಾದ ಮೇಲೂ ಕೊನೆಗೆ ಏನು? ಭೋಪಾಲದ ಸಹಕಾರಿ ಬ್ಯಾಂಕೊಂದರ ವಕೀಲರು 97,100 ರೂಪಾಯಿ ಫೀಸು ಬಾಕಿಯೆಂದು ಕೇಸಿನ ಕಡತಗಳನ್ನೇ ಒತ್ತೆಯಿಟ್ಟುಕೊಂಡರು. ಹಾಗೆ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲನಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಸ್ಪಷ್ಟ ಹೇಳಿತು, ಹೇಳಿ, ಪರಿಷತ್ತು ಕೊಟ್ಟಿದ್ದ ಅಮಾನತನ್ನು ಛೀಮಾರಿಗೆ ಇಳಿಸಿತು. 1978ರ ರಂಗದುರೈ ಪ್ರಕರಣವಂತೂ ನನಗೆ ಬಹಳ ಪ್ರಿಯ. ಕಕ್ಷಿದಾರರಿಗೆ ಮೋಸ ಮಾಡಿದ ವಕೀಲನಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ವಿಧಿಸಿದ ಶಿಕ್ಷೆಯಲ್ಲಿ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕೆಲಸವೂ ಸೇರಿತ್ತು. ಉದ್ದೇಶ ಉದಾತ್ತ, ಸಂಶಯವಿಲ್ಲ. ಆದರೆ ಕಕ್ಷಿದಾರರಿಗೆ ಮೋಸ ಮಾಡಿದವನನ್ನು ಬಡ ಕಕ್ಷಿದಾರರಿಗೆ ಕೊಟ್ಟಾಗ ಶಿಕ್ಷೆ ಯಾರಿಗಾಯಿತು ಎಂದು ಬಡವರನ್ನು ಯಾರೂ ಕೇಳಿದಂತಿಲ್ಲ. ಬಡವರಿಗೆ ಉಚಿತ ನೆರವು ಕೊಡುವುದು ನಿಯಮ 46ರ ಪ್ರಕಾರ ಎಲ್ಲ ವಕೀಲರ ಕರ್ತವ್ಯ ಕೂಡ. ಒಬ್ಬನಿಗೆ ಅದು ಶಿಕ್ಷೆ, ಉಳಿದವರಿಗೆ ಅದು ಸನ್ಮಾನ ಪತ್ರದ ಒಂದು ಸಾಲು.

ಊಟ ಚೆನ್ನಾಗಿತ್ತು. ಕಾಯಿ ಹೋಳಿಗೆ. ಲೇಔಟ್ ಮಾಲೀಕರೇ ನಿಂತು ತುಪ್ಪ ಬಡಿಸಿದರು, ಎರಡೂ ಪಕ್ಷದ ವಕೀಲರಿಗೆ ಸಮಸಮ.

ಮಧ್ಯಾಹ್ನ ಸಭೆ ಅರ್ಧ ಖಾಲಿ, ಪುಸ್ತಕದಲ್ಲಿ ಪೂರ್ತಿ ಭರ್ತಿ. ಆ ಹೊತ್ತಿನಲ್ಲಿ ಉಪನ್ಯಾಸಕರು 2024ರ ಮೇ 14ರ ಡಿ.ಕೆ. ಗಾಂಧಿ ತೀರ್ಪನ್ನು ಹೇಳಿದರು. ಸೇವೆ ಸರಿಯಿಲ್ಲವೆಂದು ವಕೀಲರನ್ನು ಗ್ರಾಹಕರ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂಬ ತೀರ್ಪು. ಡಾಕ್ಟರನ್ನು ಎಳೆಯಬಹುದು, ಫ್ರಿಜ್ ಮಾರಿದವನನ್ನು ಎಳೆಯಬಹುದು, ಕೊರಿಯರ್‌ನವನನ್ನು ಎಳೆಯಬಹುದು. ಎಳೆದ ಕೇಸನ್ನು ನಡೆಸಿಕೊಡಲು ನಾವಿದ್ದೇವೆ. ನಮ್ಮನ್ನು ಮಾತ್ರ ಎಳೆಯುವಂತಿಲ್ಲ. ಇಡೀ ದಿನದಲ್ಲಿ ಸಭೆ ಚಪ್ಪಾಳೆ ತಟ್ಟಿದ್ದು ಇದೊಂದಕ್ಕೆ. ಒಬ್ಬರು ನಿದ್ದೆಯಿಂದ ಎದ್ದು ತಟ್ಟಿದರು.

‘ಇದಕ್ಕೆ ಕೋರ್ಟು ಕೊಟ್ಟ ಕಾರಣ ಗಮನಿಸಬೇಕು’ ಎಂದು ಉಪನ್ಯಾಸಕರು ಮುಂದುವರಿಸಿದರು. ವಕೀಲ ತನ್ನ ಕೆಲಸ ಹೇಗೆ ಮಾಡಬೇಕು ಎಂಬುದರ ಮೇಲೆ ಕಕ್ಷಿದಾರನಿಗೆ ನೇರವಾದ, ಸಾಕಷ್ಟು ದೊಡ್ಡ ನಿಯಂತ್ರಣ ಇರುತ್ತದೆ. ಆದ್ದರಿಂದ ಇದು ವೈಯಕ್ತಿಕ ಸೇವೆಯ ಕರಾರು. ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ನಾನು ಕಿಟಕಿಯ ಪಕ್ಕ ಕೂತಿದ್ದೆ. ಹೊರಗೆ ಹೊಂಗೆ ಮರದ ನೆರಳು ಆಚೆಗೆ ಸರಿದಿತ್ತು. ನನ್ನನ್ನು ನಿಯಂತ್ರಿಸುವವರು ಕಲ್ಲುಬೆಂಚಿನ ಮೇಲೆ ಬಿಸಿಲಲ್ಲಿ ಕೂತು, ಕೈಚೀಲದಿಂದ ಬುತ್ತಿಯ ಡಬ್ಬಿ ತೆಗೆದು ಅದರ ಮುಚ್ಚಳದಲ್ಲಿ ಸಾಕ್ಷಿಗೆ ಅವಲಕ್ಕಿ ಹಾಕಿಕೊಡುತ್ತಿದ್ದರು.

ನಾಲ್ಕಕ್ಕೆ ಪ್ರಮಾಣಪತ್ರ ವಿತರಣೆ. ಬಂದವರು ತಮ್ಮದನ್ನೂ ಬಾರದವರದನ್ನೂ ತೆಗೆದುಕೊಂಡರು. ನಾನು ಹೊರಗೆ ಬಂದಾಗ ಅಜ್ಜ ಎದ್ದು ನಿಂತರು.

‘ನೀವಿನ್ನೂ ಹೋಗಿಲ್ವಾ ಯಜಮಾನ್ರೇ?’

‘ಜಡ್ಜು ಕೂಗಿಸಿದ್ರು. ಒಳಗೆ ಹೋಗಿ ಕೈ ಮುಗಿದೆ. ನಿಮ್ ಲಾಯರೆಲ್ಲಿ ಅಂದ್ರು. ನೀತಿ ಪಾಠಕ್ಕೆ ಹೋಗವ್ರೆ ಅಂದೆ. ಅಲ್ಲಿದ್ದೋರೆಲ್ಲ ನಕ್ಕುಬಿಟ್ರು, ನಾನೇನೋ ತಪ್ಪು ಹೇಳ್ದೆ ಅನ್ಸತ್ತೆ.’ ಆಮೇಲೆ ಸ್ವಲ್ಪ ತಡೆದು, ‘ತಾರೀಕು ಕೊಟ್ಟವ್ರೆ, ಎರಡು ತಿಂಗಳು. ಇದು ಏನು ಬರ್ದವ್ರೆ ನೋಡಿ’ ಎಂದು ಅಂಗೈ ಮುಂದೆ ಮಾಡಿದರು. ಬೆಂಚ್ ಕ್ಲರ್ಕ್ ಹೇಳಿದ ತಾರೀಖನ್ನು ಯಾರ ಕೈಯಲ್ಲೋ ಬಾಲ್‌ಪೆನ್ನಿನಿಂದ ಅಂಗೈ ಮೇಲೆ ಬರೆಸಿಕೊಂಡಿದ್ದರು. ಬೆವರಿಗೆ ಒಂದು ಅಂಕಿ ಅಳಿಸಿತ್ತು.

‘ಗುಮಾಸ್ತನ ಹತ್ರ ಕೇಳಿ ಫೋನ್ ಮಾಡಿಸ್ತೀನಿ.’

‘ಆಗ್ಲಿ ಸ್ವಾಮಿ.’ ಅಜ್ಜ ಒಳಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಐನೂರರ ನೋಟು ತೆಗೆದರು. ಪ್ರತಿ ತಾರೀಖಿಗೂ ಕೊಡುವ ರೂಢಿ. ನಾನಾಗಿ ಯಾವತ್ತೂ ಕೇಳಿದ್ದಲ್ಲ. ‘ಬೆಳಿಗ್ಗೆಯಿಂದ ಪಾಠ ಕೇಳಿ ದಣಿದಿರ್ತೀರಿ.’

ನನ್ನ ಬಲಗೈಯಲ್ಲಿ ಪ್ರಮಾಣಪತ್ರವಿತ್ತು. ಅದನ್ನು ಎಡಗೈಗೆ ಬದಲಾಯಿಸಿಕೊಂಡೆ.